ಹಿಮದ ಬೆಟ್ಟದ ಗಿಡ ಬೇಡ, ಅದರ ಕಲ್ಲುಮಡಿ ಸಾಕು: ಯುಗಾದಿ ಹೊತ್ತಿಗೆ ಹೂಬಿಡುವ, ಆರೈಕೆ ಕಡಿಮೆ ಕೇಳುವ ಗಿಡಗಳು

ಕಲ್ಲುಗಳ ನಡುವೆ ನೀಲಿ, ಗುಲಾಬಿ, ಬಿಳಿ ಹೂವಿನ ಹಾಸು, ಹಿಂದೆ ಹಿಮದ ಬೆಟ್ಟ. ಇಂಥ ರೀಲ್ಸ್ ಕಳಿಸಿ "ಇದನ್ನ ನಮ್ಮ ಕಡೆ ಬೆಳೆಸೋಕೆ ಆಗುತ್ತಾ?" ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಒಂದು ಸಲ ನೆಟ್ಟರೆ ವರ್ಷವರ್ಷ ತಾನೇ ಬರುತ್ತೆ, ಗೊಬ್ಬರ ಬೇಡ, ನೀರು ಬೇಡ ಅಂತ ಆ ವಿಡಿಯೋದಲ್ಲೇ ಹೇಳಿರುತ್ತಾರೆ. ಅದು ಸುಳ್ಳೇನಲ್ಲ, ಆದರೆ ಆ ಮಾತು ಆ ಬೆಟ್ಟಕ್ಕೆ ಸರಿ. ಸಖರಾಯಪಟ್ಟಣದ ಬಿಸಿಲಿಗೆ ಆ ಗಿಡ ತಂದರೆ ಮೊದಲ ಬೇಸಿಗೆಯನ್ನೂ ದಾಟಲ್ಲ.

ಹಾಗಂತ ಆ ವಿಡಿಯೋದಿಂದ ಕಲಿಯೋದು ಏನೂ ಇಲ್ಲ ಅಂತ ತಿಳಿಯಬೇಡಿ. ಗಿಡ ಬಿಡಿ, ಅವರು ಮಡಿ ಮಾಡುವ ಕ್ರಮ ನೋಡಿ. ಕಲ್ಲು, ಗರಸು, ಬಡ ಮಣ್ಣು, ನೀರು ನಿಲ್ಲದ ಇಳಿಜಾರು. ಇವೆಲ್ಲ ನಮ್ಮ ಹೊಲದ ಬದುವಿನಲ್ಲೇ ಬಿದ್ದಿವೆ. ಆ ಮಡಿಗೆ ನಮ್ಮ ಹವೆಗೆ ಒಗ್ಗಿದ ಗೆಡ್ಡೆ ಹೂಗಳನ್ನು ಹಾಕಿದರೆ, ಬೋರ್‌ವೆಲ್ ನೀರು ಅಡಿಕೆ ತೆಂಗಿಗೇ ಸಾಲದ ತಿಂಗಳಲ್ಲೂ ಅಂಗಳದಲ್ಲಿ ಹೂ ಇರುತ್ತೆ. ಈ ವಾರ ಅದರ ಬಗ್ಗೆ.

ಆ ಗಿಡ ಇಲ್ಲಿ ಯಾಕೆ ಸಾಯುತ್ತೆ

ಆಲ್ಪೈನ್ ಗಿಡ ಅಂದರೆ ಮರ ಬೆಳೆಯುವ ಗಡಿಗಿಂತ ಮೇಲೆ, ಬರೀ ಹುಲ್ಲು ಕಲ್ಲು ಇರುವ ಎತ್ತರದಲ್ಲಿ ಬೆಳೆಯುವ ಗಿಡ. ಯುರೋಪಿನ ಆಲ್ಪ್ಸ್ ಪರ್ವತದಿಂದ ಬಂದ ಹೆಸರು. ನಮ್ಮ ದೇಶದಲ್ಲಿ ಅಂಥ ಜಾಗ ಹಿಮಾಲಯದಲ್ಲಿದೆ. ಉತ್ತರಾಖಂಡದ ಹೂಗಳ ಕಣಿವೆ 3,000 ಮೀಟರ್‌ಗಿಂತ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ ಕರ್ನಾಟಕಕ್ಕೇ ಎತ್ತರವಾದರೂ 2,000 ಮೀಟರ್ ಮುಟ್ಟಲ್ಲ. ಅಲ್ಲಿನ ಹುಲ್ಲುಗಾವಲು ಚೆಂದ, ಆದರೆ ಅದು ಆಲ್ಪೈನ್ ಅಲ್ಲ. ಕೆಳಗಿನ ಕಣಿವೆಗಳಲ್ಲೇ ಶೋಲಾ ಕಾಡಿನ ಮರಗಳಿವೆ.

ಜೆಂಟಿಯನ್, ಎಡೆಲ್‌ವೈಸ್, ಸ್ಯಾಕ್ಸಿಫ್ರಾಗ ಇಂಥ ಗಿಡಗಳು ಚಳಿಗಾಲವಿಡೀ ಹಿಮದ ಕೆಳಗೆ ನಿದ್ದೆ ಮಾಡುತ್ತವೆ. ಹಿಮದಡಿ ಮಳೆ ನೀರು ತಾಗಲ್ಲ, ಗಾಳಿ ತಾಗಲ್ಲ. ವಸಂತದಲ್ಲಿ ಹಿಮ ಕರಗಿದಾಗ ನೀರು ಕಲ್ಲಿನ ಸಂದಿಯಿಂದ ಹರಿದು ಹೋಗುತ್ತೆ, ಗಿಡ ದಡಬಡ ಹೂಬಿಡುತ್ತೆ. ಬೇಸಿಗೆಯ ಹಗಲಲ್ಲಿ ಎಷ್ಟೇ ಬಿಸಿಲಿದ್ದರೂ ರಾತ್ರಿ ಮಾತ್ರ ಕೊರೆಯುವ ಚಳಿ. ನಮ್ಮಲ್ಲಿ ಏಪ್ರಿಲ್ ರಾತ್ರಿಯೂ ಸೆಕೆ. ಹಗಲು ಮಾಡಿಕೊಂಡ ಆಹಾರವನ್ನ ಆ ಗಿಡ ರಾತ್ರಿ ಉಸಿರಾಟದಲ್ಲೇ ಕರಗಿಸಿಬಿಡುತ್ತೆ. ದಿನದಿನಕ್ಕೆ ಸೊರಗಿ, ಜೂನ್ ಮಳೆ ಹಿಡಿದಾಗ ಬುಡ ಕೊಳೆತು ಹೋಗುತ್ತೆ.

ಟುಲಿಪ್ ಕೇಳುವವರೂ ಇದ್ದಾರೆ. ಟುಲಿಪ್ ಗೆಡ್ಡೆಗೆ 12ರಿಂದ 16 ವಾರ, ಸುಮಾರು 9 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಚಳಿ ಸಿಗಬೇಕು. ಆಗಲೇ ಹೂಕಾಂಡ ಸರಿಯಾಗಿ ಉದ್ದ ಆಗೋದು. ಶ್ರೀನಗರದಲ್ಲಿ ಆ ಚಳಿ ಪುಕ್ಕಟೆ ಸಿಗುತ್ತೆ. ಇಲ್ಲಿ ಫ್ರಿಜ್‌ನಲ್ಲಿ ಇಟ್ಟು ಒಂದು ಸಲ ಹೂ ತರಿಸಬಹುದು. ಅದೂ ಬಾಳೆಹಣ್ಣು, ಸೇಬು ಇಡುವ ಫ್ರಿಜ್ ಆದರೆ ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗೇ ಸತ್ತುಹೋಗುತ್ತೆ. ಹೂ ಬಂದರೂ ಆ ಗೆಡ್ಡೆ ಮುಂದಿನ ವರ್ಷಕ್ಕೆ ಉಪಯೋಗ ಇಲ್ಲ. ಪ್ರತಿ ವರ್ಷ ದುಡ್ಡು ಕೊಟ್ಟು ತರುವ ಗೆಡ್ಡೆಗೆ ಬಹುವಾರ್ಷಿಕ ಅನ್ನೋ ಹೆಸರು ಯಾಕೆ?

ಒಂದು ಮಾತು ನಡುವೆ. ನಾವು ಮನೆಯಲ್ಲಿ ಬ್ರಹ್ಮಕಮಲ ಅಂತ ಬೆಳೆಸಿ, ರಾತ್ರಿ ಅರಳಿದಾಗ ಆರತಿ ಮಾಡಿ ಸ್ಟೇಟಸ್‌ಗೆ ಹಾಕುತ್ತೇವಲ್ಲ, ಅದು ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿ ಜಾತಿ. ಹಿಮಾಲಯದ ನಿಜವಾದ ಬ್ರಹ್ಮಕಮಲ ಬೇರೆ, ಅದು ಉತ್ತರಾಖಂಡದ ರಾಜ್ಯ ಪುಷ್ಪ, ಅಪ್ಪಟ ಆಲ್ಪೈನ್ ಗಿಡ. ಅದರ ಸಸಿ ಕೊಡುತ್ತೇವೆ ಅಂತ ಆನ್‌ಲೈನ್‌ನಲ್ಲಿ ಯಾರಾದರೂ ಹೇಳಿದರೆ ದುಡ್ಡು ಕಳಿಸಬೇಡಿ.

ಕಲ್ಲುಮಡಿ ಮಾಡೋದು

ನಮ್ಮ ಭಾಗ ಬಾಬಾಬುಡನ್ ಗಿರಿಯ ಮಳೆನೆರಳು. ಗಿರಿಯ ಆ ಕಡೆ ಸುರಿಯುವ ಮಳೆಗೂ ಅಯ್ಯನಕೆರೆ ದಾಟಿ ಕಡೂರು ಕಡೆ ಬೀಳುವ ಮಳೆಗೂ ಹೋಲಿಕೆಯೇ ಇಲ್ಲ. ಚಳಿಗಾಲ ಒಣ, ಮಾರ್ಚ್ ಪೂರಾ ಒಣ. ಅಶ್ವಿನಿ, ಭರಣಿ ಮಳೆ ಬಂದರೆ ಬಂತು. ನಾಲ್ಕೈದು ತಿಂಗಳು ಒಣಗಿರುವ ಈ ಕಾಲವನ್ನು ನಾವು ತೊಂದರೆ ಅಂತ ನೋಡುತ್ತೇವೆ. ಗೆಡ್ಡೆ ಗಿಡಕ್ಕೆ ಅದು ನಿದ್ದೆಯ ಕಾಲ. ಆಲ್ಪ್ಸ್‌ನಲ್ಲಿ ಹಿಮ ಮಾಡುವ ಕೆಲಸವನ್ನ ಇಲ್ಲಿ ಒಣ ಹವೆ ಮಾಡುತ್ತೆ.

ಮೊದಲು ಜಾಗ ಪರೀಕ್ಷೆ ಮಾಡಿ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಇನ್ನೊಂದು ಸಲ ತುಂಬಿಸಿ ಟೈಮ್ ನೋಡಿ. ಎರಡನೇ ನೀರು ನಾಲ್ಕು ಗಂಟೆಯೊಳಗೆ ಇಂಗಿದರೆ ನೆಲದಲ್ಲೇ ಮಡಿ ಮಾಡಬಹುದು. ಇಂಗದಿದ್ದರೆ ಏರುಮಡಿಯೇ ಬೇಕು. ಎರೆ ಮಣ್ಣಿನವರು ಪರೀಕ್ಷೆ ಮಾಡುವುದೂ ಬೇಡ, ನೇರವಾಗಿ ಏರುಮಡಿ ಮಾಡಿ.

ಹತ್ತಡಿ ಉದ್ದ, ನಾಲ್ಕಡಿ ಅಗಲ, ಒಂದಡಿ ಎತ್ತರ ಇಟ್ಟುಕೊಳ್ಳಿ. ನಾಲ್ಕಡಿಗಿಂತ ಅಗಲ ಮಾಡಿದರೆ ಕಳೆ ಕೀಳೋಕೆ ಒಳಗೆ ಕಾಲಿಡಬೇಕಾಗುತ್ತೆ, ಮಣ್ಣು ಗಟ್ಟಿಯಾಗುತ್ತೆ. ಅಡಿಯಲ್ಲಿ ನಾಲ್ಕಿಂಚು ಒಡೆದ ಕಲ್ಲು, ಇಟ್ಟಿಗೆ ಚೂರು, ಹಳೇ ಹೆಂಚಿನ ಚೂರು ಹಾಕಿ. ಹೊಲ ಹಸನು ಮಾಡುವಾಗ ಆರಿಸಿ ಬದುವಿಗೆ ಎಸೆದ ಕಲ್ಲು ಇದಕ್ಕೇ ಸರಿ. ಅದರ ಮೇಲೆ ಎಂಟಿಂಚು ಮಣ್ಣಿನ ಮಿಶ್ರಣ: ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಗರಸು ಅಥವಾ ದಪ್ಪ ಮರಳು, ಅರ್ಧ ಪಾಲು ಮಾತ್ರ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಎಂ-ಸ್ಯಾಂಡ್ ಹಾಕುವುದಾದರೆ ತೊಳೆದು ದೂಳು ತೆಗೆದು ಹಾಕಿ. ಆ ದೂಳು ನೀರು ಬಿದ್ದ ಮೇಲೆ ಸಿಮೆಂಟಿನ ಹಾಗೆ ಕೂರುತ್ತೆ.

ಗೊಬ್ಬರ ಇಷ್ಟೇನಾ ಅಂತ ಕೇಳಬೇಡಿ. ನಮ್ಮ ಸಾವಯವದವರಿಗೆ ಒಂದು ಅಭ್ಯಾಸ ಇದೆ, ಯಾವ ಗಿಡ ಕಂಡರೂ ವಾರಕ್ಕೊಂದು ಸಲ ಜೀವಾಮೃತ ಸುರಿಯೋದು. ಗೆಡ್ಡೆ ಹೂವಿಗೆ ಅದು ಬೇಡ. ಎಲೆ ದಂಡಿಯಾಗಿ ಬರುತ್ತೆ, ಹೂ ಬರಲ್ಲ, ಮೆತ್ತಗಾದ ಗೆಡ್ಡೆ ಮಳೆಗಾಲದಲ್ಲಿ ಕೊಳೆಯುತ್ತೆ.

ದೊಡ್ಡ ಕಲ್ಲುಗಳನ್ನ ಮೂರರಲ್ಲಿ ಒಂದು ಭಾಗ ಮಣ್ಣಿನಲ್ಲಿ ಹೂತು, ಸ್ವಲ್ಪ ಹಿಂದಕ್ಕೆ ವಾಲಿಸಿ ಕೂರಿಸಿ. ಬಿದ್ದ ಮಳೆ ಕಲ್ಲಿನ ಮೇಲಿಂದ ಜಾರಿ ಬೇರಿನ ಕಡೆ ಹೋಗುತ್ತೆ, ಬಿಸಿಲಲ್ಲಿ ಕಲ್ಲಿನ ಅಡಿ ತಂಪಾಗಿರುತ್ತೆ. ಮಡಿ ಪೂರ್ವಕ್ಕೆ ತೆರೆದಿದ್ದು, ಪಶ್ಚಿಮಕ್ಕೆ ಗೋಡೆಯೋ ತೆಂಗೋ ಇದ್ದರೆ ಒಳ್ಳೇದು. ಕೊನೆಗೆ ಮೇಲೆ ಒಂದಿಂಚು ಸಣ್ಣ ಜಲ್ಲಿ ಹರಡಿ. ಈ ಅಳತೆಗೆ ಮೂರೂವರೆ ಘನ ಅಡಿ ಜಲ್ಲಿ ಸಾಕು. ಈ ಜಲ್ಲಿ ಹಾಸೇ ಕಲ್ಲುಮಡಿಯ ಮುಖ್ಯ ಭಾಗ: ಗೆಡ್ಡೆಯ ಕುತ್ತಿಗೆ ಒಣಗಿರುತ್ತೆ, ಮಳೆ ಹೊಡೆತಕ್ಕೆ ಮಣ್ಣು ಎಲೆಗೆ ಸಿಡಿಯಲ್ಲ, ಕಳೆ ಕಡಿಮೆ. ತೆಂಗಿನ ನಾರು, ಹುಲ್ಲಿನ ಮುಚ್ಚಿಗೆ ಈ ಮಡಿಗೆ ಬೇಡ. ಗೆಡ್ಡೆಗೆ ಒತ್ತಿಕೊಂಡು ತೇವ ಹಿಡಿದಿಡುತ್ತೆ.

ಕೆಂಪು ಲಿಲ್ಲಿ

ಹಳೇ ಮನೆಗಳ ಅಂಗಳದಲ್ಲಿ ಯುಗಾದಿ ಆಸುಪಾಸಿನಲ್ಲಿ ಕಹಳೆಯಂಥ ದೊಡ್ಡ ಕೆಂಪು ಹೂ ಬಿಡುತ್ತಲ್ಲ, ಎಲ್ಲರೂ ಸುಮ್ಮನೆ ಲಿಲ್ಲಿ ಅನ್ನುತ್ತಾರೆ, ನರ್ಸರಿಯಲ್ಲಿ ಅಮರಿಲಿಸ್ ಅನ್ನುತ್ತಾರೆ. ಪುಸ್ತಕದ ಹೆಸರು ಹಿಪ್ಪಿಯಾಸ್ಟ್ರಮ್, ಮೂಲ ದಕ್ಷಿಣ ಅಮೆರಿಕ. ಒಂದೇ ಗಿಡ ಹಾಕಬೇಕು ಅಂದರೆ ಇದನ್ನೇ ಹಾಕಿ.

ಗೆಡ್ಡೆ ಕಿತ್ತಳೆ ಹಣ್ಣಿನಷ್ಟು ದಪ್ಪ ಇದ್ದರೆ ಅದೇ ವರ್ಷ ಹೂ. ನಿಂಬೆ ಗಾತ್ರದ್ದಾದರೆ ಎರಡು ಮೂರು ವರ್ಷ ಕಾಯಬೇಕು, ಅಗ್ಗ ಅಂತ ಸಣ್ಣ ಗೆಡ್ಡೆ ತಂದು ಹೂ ಬರಲಿಲ್ಲ ಅನ್ನಬೇಡಿ. ಡಿಸೆಂಬರ್ ಜನವರಿಯಲ್ಲಿ ಒಂದಡಿಗೊಂದರಂತೆ ನೆಡಿ. ಗೆಡ್ಡೆಯ ಮೇಲಿನ ಮೂರನೇ ಒಂದು ಭಾಗ ಮಣ್ಣಿನ ಹೊರಗೆ ಕಾಣಬೇಕು. ಪೂರಾ ಹೂತರೆ ಕುತ್ತಿಗೆ ಕೊಳೆಯುತ್ತೆ.

ಹಳೇ ಗಿಡ ಇದ್ದವರು ನವೆಂಬರ್ ಮಧ್ಯದಿಂದ ನೀರು ಪೂರಾ ಬಂದ್ ಮಾಡಿ. ಎಲೆ ಹಳದಿಯಾಗಿ ಬಾಡುತ್ತೆ. ನೋಡೋಕೆ ಚೆನ್ನಾಗಿಲ್ಲ ಅಂತ ಹಸಿರೆಲೆ ಕತ್ತರಿಸಬೇಡಿ, ಎಲೆಯಲ್ಲಿದ್ದದ್ದು ಗೆಡ್ಡೆಗೆ ಇಳಿಯಬೇಕು. ಒಣಗಿದ ಮೇಲೆ ತಾನೇ ಕೈಗೆ ಬರುತ್ತೆ. ಫೆಬ್ರವರಿ ಕೊನೆಗೆ ಹೂಕಾಂಡದ ಮೊನೆ ಇಣುಕಿದಾಗ ಮೊದಲ ನೀರು. ನಲವತ್ತು ಚದರಡಿ ಮಡಿಗೆ ಒಂದಿಂಚು ನೀರು ಅಂದರೆ ಸುಮಾರು 95 ಲೀಟರ್, ದೊಡ್ಡ ಕೊಡದಲ್ಲಿ ಆರೇಳು ಕೊಡ. ಆಮೇಲೆ ಮಳೆ ಬರುವ ತನಕ ಎಂಟು ಹತ್ತು ದಿನಕ್ಕೊಮ್ಮೆ ಅದರ ಅರ್ಧ. ಬೇಸಿಗೆಯಲ್ಲಿ ನೀರಿನ ಖರ್ಚು ಇಷ್ಟೇ. ದಿನಾ ನೀರು ಕೇಳುವ ಗುಲಾಬಿ ಕುಂಡಗಳ ಪಕ್ಕ ಇಟ್ಟು ಲೆಕ್ಕ ಹಾಕಿ ನೋಡಿ.

ಹೂ ಬಾಡಿದ ಮೇಲೆ ಕಾಯಿ ಕಟ್ಟೋಕೆ ಬಿಡದೆ ಹೂವಿನ ತಲೆ ಮುರಿಯಿರಿ. ವರ್ಷದ ಗೊಬ್ಬರ ಜೂನ್‌ನಲ್ಲಿ ಒಂದೇ ಸಲ: ಗೆಡ್ಡೆಗೆ ಒಂದು ಹಿಡಿ ಎರೆಹುಳು ಗೊಬ್ಬರ, ಅರ್ಧ ಹಿಡಿ ಬೇವಿನ ಹಿಂಡಿ, ಬುಡಕ್ಕೆ ತಾಗದಂತೆ ಸುತ್ತ. ಮಳೆಗಾಲದ ಎಲೆ ಎಷ್ಟು ಬಲವಾಗಿದೆಯೋ ಮುಂದಿನ ಯುಗಾದಿಯ ಹೂ ಅಷ್ಟು.

ಆ ಎಲೆಗೆ ಒಬ್ಬ ಶತ್ರು ಇದ್ದಾನೆ. ಕಪ್ಪು ಮೈ, ಬಿಳಿ ಮತ್ತು ಹಳದಿ-ಕಿತ್ತಳೆ ಚುಕ್ಕೆಯ ಲಿಲ್ಲಿ ಹುಳ. ಗುಂಪಾಗಿ ಬರುತ್ತೆ, ಎರಡು ಮೂರು ದಿನ ನೋಡದಿದ್ದರೆ ಗಿಡ ಬೋಳು. ಬೆಳಿಗ್ಗೆ ಆರಿಸಿ ಸೋಪಿನ ನೀರಿಗೆ ಹಾಕಿ. ಮರಿ ಹುಳ ಇದ್ದಾಗ ಲೀಟರ್‌ಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಿದರೂ ಸಾಕು. ಎಲೆ ಮೇಲೆ ತುಕ್ಕಿನ ಬಣ್ಣದ ಉದ್ದ ಕಲೆ ಬಂದರೆ ಅದು ಶಿಲೀಂಧ್ರ ರೋಗ. ಆ ಎಲೆ ತೆಗೆದು ಸುಡಿ, ಕುತ್ತಿಗೆಗೆ ನೀರು ಹಾಕಬೇಡಿ. ಹಳದಿ-ಹಸಿರು ಮಚ್ಚೆ ಮಚ್ಚೆಯಾಗಿ ಎಲ್ಲ ಎಲೆಗೂ ಹಬ್ಬಿದರೆ ನಂಜುರೋಗ ಇರಬಹುದು, ಅದಕ್ಕೆ ಮದ್ದಿಲ್ಲ. ಗೆಡ್ಡೆ ಸಮೇತ ಕಿತ್ತು ಸುಡಿ, ಅದರ ಮರಿ ಯಾರಿಗೂ ಕೊಡಬೇಡಿ.

ಮೂರು ನಾಲ್ಕು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಕಿತ್ತು ಮರಿ ಗೆಡ್ಡೆ ಬಿಡಿಸಿ. ನಮ್ಮಲ್ಲಿಂದ ಈ ಮರಿ ಒಯ್ಯುವವರಲ್ಲಿ ಚಿಕ್ಕಮಗಳೂರು ಕಡೆಯ ಹೋಂಸ್ಟೇಯವರೇ ಹೆಚ್ಚು. ಹೂ ಮಾರೋದಕ್ಕಿಂತ ಗೆಡ್ಡೆ ಮಾರೋದು ಸುಲಭ, ಬೆಳಿಗ್ಗೆ ಐದಕ್ಕೆ ಮಾರ್ಕೆಟ್‌ಗೆ ಓಡಬೇಕಿಲ್ಲ.

ನೆಲಸಂಪಿಗೆ ಮತ್ತು ಉಳಿದವು

ಕೆಂಪು ಲಿಲ್ಲಿ ಹೊರಗಿನಿಂದ ಬಂದದ್ದು. ನೆಲಸಂಪಿಗೆ ನಮ್ಮ ದೇಶದ್ದೇ, ಶುಂಠಿ ಅರಿಶಿನದ ಬಳಗ. ಬೇಸಿಗೆಯಲ್ಲಿ ಎಲೆ ಒಂದೂ ಇಲ್ಲದ ಬೋಳು ನೆಲದಿಂದ ನೇರವಾಗಿ ಬಿಳಿ-ನೇರಳೆ ಹೂ ಎದ್ದು ಬರುತ್ತೆ, ಘಮ್ ಅನ್ನುತ್ತೆ. ಗೊತ್ತಿಲ್ಲದವರು ಯಾರೋ ಹೂ ಕಿತ್ತು ನೆಲಕ್ಕೆ ಚುಚ್ಚಿದ್ದಾರೆ ಅಂದುಕೊಳ್ಳುತ್ತಾರೆ. ಮಳೆ ಹಿಡಿದ ಮೇಲೆ ಎಲೆ, ಮೇಲೆ ಬೆಳ್ಳಿ-ಹಸಿರು ಚಿತ್ತಾರ, ಕೆಳಗೆ ನೇರಳೆ. ಚಳಿಗಾಲಕ್ಕೆ ಪೂರಾ ಮಾಯ. ಎರಡಿಂಚು ಆಳಕ್ಕೆ, ಅರೆನೆರಳು ಇರುವ ಕಡೆ ನೆಡಿ. ಇದಕ್ಕೆ ಮಾತ್ರ ಗೊಬ್ಬರ ಒಂದು ಪಾಲು ಇರಲಿ. ನಿದ್ದೆಯಲ್ಲಿದ್ದಾಗ ನೀರು ಹಾಕಿದರೆ ಶುಂಠಿಯ ಹಾಗೇ ಕೊಳೆಯುತ್ತೆ.

ಮೇ ಫ್ಲವರ್, ಅಂದರೆ ಫುಟ್‌ಬಾಲ್ ಲಿಲ್ಲಿ, ಆಫ್ರಿಕಾ ಮೂಲದ್ದು. ಮೊದಲ ಮಳೆ ಬಿದ್ದ ಮೇಲೆ ಕೆಂಪು ಚೆಂಡು. ಇದೂ ಅರೆನೆರಳಿನ ಗಿಡ. ಬೇರು ಕದಲಿಸಿದರೆ ಕೋಪ ಜಾಸ್ತಿ, ಒಂದು ವರ್ಷ ಹೂ ಬಿಡದೆ ಇರಬಹುದು, ಹಾಗಾಗಿ ಪದೇ ಪದೇ ಕೀಳಬೇಡಿ. ನೆಲಸಂಪಿಗೆಗೂ ಇದಕ್ಕೂ ನೆಟ್ಟ ಜಾಗದಲ್ಲಿ ಒಂದೊಂದು ಗೂಟ ಹೊಡೆದಿಡಿ. ಎಲೆ ಇಲ್ಲದ ತಿಂಗಳಲ್ಲಿ ಯಾರಾದರೂ ಖಾಲಿ ಜಾಗ ಅಂತ ಗುದ್ದಲಿ ಹಾಕಿಬಿಡುತ್ತಾರೆ.

ಮಳೆ ಲಿಲ್ಲಿಯನ್ನು ಅಂಚಿಗೆ ಹಾಕಿ: ಎರಡಿಂಚು ಆಳ, ಮೂರಿಂಚು ಅಂತರ. ಮಳೆ ಬಿದ್ದು ಕೆಲವೇ ದಿನಕ್ಕೆ ಹೂ. ಕೊಳಾಯಿ ನೀರಿಗೆ ಅಷ್ಟು ಉತ್ಸಾಹ ತೋರಿಸಲ್ಲ. ಕಲ್ಲಿನ ಸಂದಿಗೆ, ಗೋಡೆಯ ಮೇಲಕ್ಕೆ ಲೋಳೆಸರ, ಕಾಡುಬಸಳೆ ಸಾಕು. ಎರಡೂ ಚಳಿಗಾಲದ ಕೊನೆಯಿಂದ ಹೂಕಾಂಡ ಎತ್ತುತ್ತವೆ, ಸೂರಕ್ಕಿಗಳು ಬರುತ್ತವೆ. ಕಾಡುಬಸಳೆಯ ಎಲೆ ಬಿದ್ದಲ್ಲೆಲ್ಲ ಸಸಿ, ಮಡಿಯೊಳಗೆ ನುಗ್ಗಲು ಬಿಡಬೇಡಿ. ಹೂಬಿಟ್ಟ ಕಾಡುಬಸಳೆಯನ್ನ ದನ ಮೇಯಬಾರದು, ವಿಷ.

ಮಲ್ಲಿಗೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀರಿ. ವಸಂತದ ಹೂ ಅಂದರೆ ನಮಗೆ ಮೊದಲು ದುಂಡುಮಲ್ಲಿಗೆಯೇ. ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಕವೂ ಸಿಕ್ಕಿದೆ. ಆದರೆ ಆರೈಕೆ ಕಡಿಮೆ ಅನ್ನೋ ಪಟ್ಟಿಗೆ ಅದನ್ನ ಸೇರಿಸೋಕೆ ನನಗೆ ಮನಸ್ಸಿಲ್ಲ. ನವೆಂಬರ್ ಕೊನೆಗೆ ಒಂದೂವರೆ ಅಡಿಗೆ ಸವರಬೇಕು, ಬೇಸಿಗೆಯಲ್ಲಿ ವಾರ ವಾರ ನೀರು ಬೇಕು, ಮೊಗ್ಗುಕೊರಕ ನೋಡಬೇಕು, ಎಲ್ಲಕ್ಕಿಂತ ಹೆಚ್ಚಾಗಿ ದಿನಾ ಬೆಳಗಾಗುವ ಮುಂಚೆ ಮೊಗ್ಗು ಬಿಡಿಸಬೇಕು. ಮನೆಗೆ ನಾಲ್ಕು ಗಿಡ ಇರಲಿ, ಕಲ್ಲುಮಡಿಯಿಂದ ದೂರ, ಬೇರೆ ಗುಂಡಿಯಲ್ಲಿ. ಹತ್ತು ಗುಂಟೆ ಹಾಕುವವರು ಮೊದಲು ಬಿಡಿಸುವ ಕೈ ಎಷ್ಟಿದೆ ಎಣಿಸಿಕೊಳ್ಳಿ.

ಈರುಳ್ಳಿ ಬೆಳೆಯುವ ಊರಲ್ಲಿ ಒಂದು ಎಚ್ಚರಿಕೆ

ಇದನ್ನ ಓದದೆ ಮುಂದೆ ಹೋಗಬೇಡಿ. ಕೆಂಪು ಲಿಲ್ಲಿ, ಮೇ ಫ್ಲವರ್, ಮಳೆ ಲಿಲ್ಲಿ ಮೂರರ ಗೆಡ್ಡೆಯೂ ವಿಷ. ಲೈಕೋರಿನ್ ಅನ್ನೋ ಅಂಶ ಇರುತ್ತೆ, ತಿಂದರೆ ವಾಂತಿ ಭೇದಿ. ಮಳೆ ಲಿಲ್ಲಿಯ ಗೆಡ್ಡೆ ಥೇಟ್ ಸಣ್ಣ ಈರುಳ್ಳಿ, ಎಲೆ ಈರುಳ್ಳಿ ಎಲೆಯ ಹಾಗೇ. ನಮ್ಮ ಕಡೂರು ಕಡೆ ಮನೆಮನೆಯಲ್ಲಿ ಈರುಳ್ಳಿ ಹರಡಿರುತ್ತೆ. ಕಿತ್ತ ಹೂಗೆಡ್ಡೆಯನ್ನ ಅಟ್ಟದಲ್ಲಿ ಈರುಳ್ಳಿ ಪಕ್ಕ ಇಡಬೇಡಿ, ಅಡುಗೆಮನೆಗೆ ತರಲೇಬೇಡಿ. ಬೇರೆ ಚೀಲಕ್ಕೆ ಹಾಕಿ, ದೊಡ್ಡದಾಗಿ "ಹೂಗೆಡ್ಡೆ, ವಿಷ" ಅಂತ ಬರೆದು ಕೊಟ್ಟಿಗೆಯಲ್ಲಿ ತೂಗುಹಾಕಿ. ಈರುಳ್ಳಿ ಪಾತಿಯ ಪಕ್ಕ ಮಳೆ ಲಿಲ್ಲಿ ನೆಡೋದೂ ಬೇಡ.

ಗೌರಿ ಹೂ, ಅಂದರೆ ಅಗ್ನಿಶಿಖೆ, ಇನ್ನೂ ಅಪಾಯ. ಅದು ಹೂಬಿಡೋದು ಗೌರಿ ಹಬ್ಬದ ಕಾಲಕ್ಕೆ, ವಸಂತಕ್ಕಲ್ಲ, ಆದರೂ ಚೆಂದ ಅಂತ ಇದೇ ಮಡಿಗೆ ತಂದು ಹಾಕುವವರಿದ್ದಾರೆ. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಇರುತ್ತೆ, ಜೀವ ಹೋಗುವಷ್ಟು ವಿಷ. ಸಣ್ಣ ಮಕ್ಕಳಿರುವ ಮನೆಯಂಗಳಕ್ಕೆ ಬೇಡವೇ ಬೇಡ. ಯಾರಾದರೂ ತಪ್ಪಿ ಯಾವುದೇ ಗೆಡ್ಡೆ ತಿಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಉಳಿದ ಗೆಡ್ಡೆ, ಎಲೆ ಜೊತೆಗೆ ಹಿಡಿದು ಆಸ್ಪತ್ರೆಗೆ ಹೋಗಿ. ಮೊಬೈಲ್ ಆ್ಯಪ್‌ನಲ್ಲಿ ಫೋಟೋ ಹಾಕಿ ಗಿಡದ ಹೆಸರು ನೋಡೋದು ಒಳ್ಳೆ ಅಭ್ಯಾಸವೇ, ಆದರೆ ತಿನ್ನಬಹುದಾ ಅನ್ನೋದನ್ನ ಆ್ಯಪ್ ನಂಬಿ ತೀರ್ಮಾನಿಸಬೇಡಿ.

ಗಿರಿಯಿಂದ ಗಿಡ ಕಿತ್ತು ತರೋದೂ ಬೇಡ. 2022ರಲ್ಲಿ ಚಂದ್ರದ್ರೋಣ ಸಾಲಿನಲ್ಲಿ ಕುರಿಂಜಿ ಅರಳಿದಾಗ ನೋಡಲು ಹೋದವರು ಎಷ್ಟೋ ಜನ. ಅಂಥ ಗಿಡ ಕಿತ್ತು ತಂದರೆ ಇಲ್ಲಿನ ಬಿಸಿಲಿಗೆ ಬದುಕಲ್ಲ, ಅಲ್ಲೂ ಇಲ್ಲದ ಹಾಗಾಗುತ್ತೆ. ಮೇ ಜೂನ್‌ನಲ್ಲಿ ಮರದ ಮೇಲೆ ಜಡೆಯ ಹಾಗೆ ಇಳಿಬಿಡುವ ಸೀತಾಳೆ ದಂಡೆಯೂ ಅಷ್ಟೆ. ಬೇಕಾದರೆ ನರ್ಸರಿಯಲ್ಲಿ ಬೆಳೆಸಿದ ಸಸಿಯನ್ನೇ ಬಿಲ್ ಸಮೇತ ಕೊಳ್ಳಿ.

ಈಗ ಮಾಡೋದು

ದೀಪಾವಳಿ ಮುಗಿದಿದೆ, ಹಿಂಗಾರು ಕೊನೆಗೆ ಬಂದಿದೆ. ಗುಂಡಿ ತೋಡಿ ನೀರಿನ ಪರೀಕ್ಷೆ ಈ ವಾರವೇ ಮಾಡಿ, ಡಿಸೆಂಬರ್ ಮೊದಲ ವಾರಕ್ಕೆ ಮಡಿ ಸಿದ್ಧ ಇರಲಿ. ಮಣ್ಣು ಒಂದಿಂಚು ಕುಸಿಯುತ್ತೆ, ಆಮೇಲೆ ಜಲ್ಲಿ ಹಾಕಿ. ಫೋನಿನಲ್ಲಿ ಎರಡು ರಿಮೈಂಡರ್ ಇಡಿ: ನವೆಂಬರ್ 15, ನೀರು ಬಂದ್, ಫೆಬ್ರವರಿ 20, ಹೂಕಾಂಡ ನೋಡು. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಪಾಪ ಒಣಗುತ್ತಿದೆ ಅಂತ ನಡುವೆ ಒಂದು ಚೊಂಬು ನೀರು ಹಾಕುತ್ತಾರೆ, ಅವರಿಗೆ ಮೊದಲೇ ಹೇಳಿಡಿ.

ಗೆಡ್ಡೆಗೆ ಆನ್‌ಲೈನ್ ಆರ್ಡರ್ ಮಾಡುವ ಮುಂಚೆ ಊರಲ್ಲಿ ಒಂದು ಸುತ್ತು ಹಾಕಿ. ಹಳೇ ಮನೆಗಳ ಹಿತ್ತಲಲ್ಲಿ ಕೆಂಪು ಲಿಲ್ಲಿ ಒತ್ತೊತ್ತಾಗಿ ಬೆಳೆದು ಹೂ ನಿಲ್ಲಿಸಿರುತ್ತೆ. ಬಿಡಿಸಿಕೊಟ್ಟರೆ ಅವರಿಗೂ ಹೂ, ನಿಮಗೂ ಗೆಡ್ಡೆ. ಕೇಳುವಾಗ ಎಲೆ ನೋಡಿಕೊಳ್ಳಿ, ಮಚ್ಚೆ ಇದ್ದ ಗಿಡದ್ದು ಬೇಡ. ತಂದ ಗೆಡ್ಡೆಯ ಸತ್ತ ಬೇರು ಕತ್ತರಿಸಿ, ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ ನೆಡಿ. ರೋಗ ಯಾವುದು ಅಂತ ಗೊತ್ತಾಗದಿದ್ದರೆ ಎಲೆಯ ಎರಡೂ ಕಡೆ ಫೋಟೋ ತೆಗೆದು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ, ಜೊತೆಗೆ ಕೊನೆಯ ಸಲ ನೀರು ಹಾಕಿದ್ದು ಯಾವತ್ತು ಅನ್ನೋದನ್ನೂ ಹೇಳಿ.